ಅನ್ನವರಂ ಬೆಟ್ಟಕ್ಕೆ ಆಯಿಲ್ ಕೂಲರ್

ಅರಸೀಕೆರೆಯ ನರಸಿಂಹಮೂರ್ತಿಗೆ ಜೀವನದಲ್ಲಿ ಸಿಗಬೇಕಾದದ್ದೆಲ್ಲ ಬಹುಮಟ್ಟಿಗೆ ಸಿಕ್ಕಿತ್ತು. ವಿಶಾಖಪಟ್ಟಣದ ಔಷಧ ಕಂಪೆನಿಯಲ್ಲಿ ಕಾಯಂ ನೌಕರಿ, ದ್ವಾರಕಾ ನಗರದಲ್ಲಿ ಎರಡನೇ ಮಹಡಿಯ ಮನೆ, ಹದಿಮೂರು ವರ್ಷ ಹಳೆಯ ಬಿಳಿ ಕಾರು, ಕನ್ನಡ ಕಲಿತ ತೆಲುಗು ಹೆಂಡತಿ. ಸಿಗದೆ ಉಳಿದದ್ದು ಒಂದೇ: ಅತ್ತೆಯ ಬಾಯಿಂದ ಒಂದು ಬೈಗುಳ.

ಇದು ತಮಾಷೆಯ ಮಾತಲ್ಲ. ವಿಜಯವಾಡದ ಸೂರ್ಯಕಾಂತಮ್ಮನವರು ಹಳೆಯ ಮರ್ಯಾದೆಯವರು. ಅಳಿಯನ ಮುಖ ನೋಡಿ ನೇರವಾಗಿ ಮಾತಾಡುವುದು ಅವರ ತಾಯಿಯ ಕಾಲದಲ್ಲಿರಲಿಲ್ಲ. ಆದ್ದರಿಂದ ಅವರ ಕಾಲದಲ್ಲೂ ಇರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಅವರು ಮಗಳಿಗೆ ಹೇಳುತ್ತಿದ್ದರು. "ಮಾಧವೀ, ಅಲ್ಲುಡುಗಾರಿಗೆ ಇನ್ನೊಂದು ಸ್ವಲ್ಪ ಬೇಳೆ ಪಪ್ಪು ಬೇಕೇನೋ ಕೇಳು." ಅಲ್ಲುಡುಗಾರು ಎನಿಸಿಕೊಂಡ ಅಳಿಯ ಒಂದು ಮೊಳ ದೂರದಲ್ಲಿ ಎಲೆಯ ಮುಂದೆ ಕೂತಿರುತ್ತಿದ್ದ. ಮಾಧವೀಲತಾ ಮನೆಯಲ್ಲಿಲ್ಲದಿದ್ದರೆ ಅದೇ ಮಾತನ್ನು ಗೋಡೆಗೆ ಹೇಳುತ್ತಿದ್ದರು. ಒಮ್ಮೆ ಹಿತ್ತಲಲ್ಲಿ ಗೋಡೆಯೂ ಇರಲಿಲ್ಲವಾಗಿ ತುಳಸಿಗಿಡಕ್ಕೆ ಹೇಳಿದ್ದರು. ಹೀಗೆ ಹತ್ತೊಂಬತ್ತು ವರ್ಷ.

ಇದನ್ನು ಮರ್ಯಾದೆ ಎಂದುಕೊಂಡು ನರಸಿಂಹಮೂರ್ತಿ ಸುಮ್ಮನಿರಬಹುದಾಗಿತ್ತು. ಆದರೆ ಷಡ್ಡಕ ಸೂರ್ಯಪ್ರಕಾಶನಿದ್ದ. ಹಿರಿಯ ಮಗಳ ಗಂಡ, ಇಬ್ರಾಹಿಂಪಟ್ನಂ ವಿದ್ಯುತ್ ಕೇಂದ್ರದಲ್ಲಿ ಎಂಜಿನಿಯರ್. ಅವನ ವಿಷಯದಲ್ಲಿ ಅತ್ತೆ ಮದುವೆಯಾದ ಆರೇ ತಿಂಗಳಿಗೆ ಆ ಪದ್ಧತಿಯನ್ನು ಕೈಬಿಟ್ಟಿದ್ದರು. "ಒರೇಯ್ ಪ್ರಕಾಶಂ, ಬುದ್ಧಿ ಇದೆಯಾ ನಿಂಗೆ? ಚಪ್ಪಲಿ ಅಲ್ಲಿ ಬಿಡ್ತಾರಾ?" ಎಂದು ಅವರು ಗದರಿದಾಗ ಸೂರ್ಯಪ್ರಕಾಶ ನಗುತ್ತ ಚಪ್ಪಲಿ ಎತ್ತಿಡುತ್ತಿದ್ದ. ಮೂಲೆಯ ಕುರ್ಚಿಯಲ್ಲಿ ಬೆಳ್ಳಿಲೋಟ ಹಿಡಿದು ಕೂತ ನರಸಿಂಹಮೂರ್ತಿ ಆ ಚಪ್ಪಲಿಗಳನ್ನೇ ನೋಡುತ್ತಿದ್ದ. ಬೈಸಿಕೊಳ್ಳುವವನು ಮನೆಯ ಮಗ. ಬೆಳ್ಳಿಲೋಟದಲ್ಲಿ ಕುಡಿಯುವವನು ಅತಿಥಿ. ಇಷ್ಟು ತಿಳಿಯದವನೇನಲ್ಲ ಅವನು. ಒಂದು ಸಲ ಬೇಕೆಂದೇ ಚಪ್ಪಲಿಯನ್ನು ದಾರಿಗೆ ಅಡ್ಡವಾಗಿ ಬಿಟ್ಟು ನೋಡಿದ್ದ. ಸೂರ್ಯಕಾಂತಮ್ಮ ಒಂದು ಮಾತೂ ಆಡದೆ ಅದನ್ನು ತಾವೇ ಎತ್ತಿ ಪಕ್ಕಕ್ಕಿಟ್ಟಿದ್ದರು. ಅವತ್ತು ಅವನಿಗೆ ಊಟ ಸೇರಲಿಲ್ಲ.

ಹೋದ ವರ್ಷ, ಅಂದರೆ ೨೦೧೬ರ ಮೇ ತಿಂಗಳಲ್ಲಿ, ಅತ್ತೆಯನ್ನು ವಿಜಯವಾಡದಿಂದ ವೈಜಾಗಿಗೆ ತನ್ನ ಕಾರಿನಲ್ಲೇ ಕರೆತರುವ ಸಾಹಸ ನಡೆದಿತ್ತು. ಏಳು ಗಂಟೆ ಒಂದೇ ಕಾರಿನಲ್ಲಿ ಕೂತರೆ ಯಾರಾದರೂ ಮಾತಾಡಲೇಬೇಕು ಎಂಬುದು ಅವನ ಲೆಕ್ಕ. ತುನಿಯ ಹತ್ತಿರ ಕಾರು ಕುದಿಯಿತು. ಬಾನೆಟ್ಟಿನಿಂದ ಎದ್ದ ಹಬೆ ನೋಡಿ ಹೈವೇಯ ಲಾರಿಗಳೂ ನಿಧಾನ ಮಾಡಿದವು. ಸೂರ್ಯಕಾಂತಮ್ಮ ಬೇವಿನ ಮರದ ಕೆಳಗೆ ಐದು ಗಂಟೆ ಕೂತು, ಬೇವಿನ ಮರಕ್ಕೆ, "ಅಲ್ಲುಡುಗಾರಿಗೆ ಬಿಸಿಲಲ್ಲಿ ನಿಲ್ಲಬೇಡ ಅನ್ನು," ಎಂದಿದ್ದರು. ಕಡೆಗೆ ಸೂರ್ಯಪ್ರಕಾಶ ತನ್ನ ಎ.ಸಿ. ಕಾರು ತಂದು ಅವರನ್ನು ವಾಪಸ್ಸು ಕರೆದೊಯ್ದ. ಅಂದಿನಿಂದ ಬಿಳಿ ಕಾರಿಗೆ ಅವನಿಟ್ಟ ಹೆಸರು 'ಇಡ್ಲಿಪಾತ್ರೆ'.

ಈ ವರ್ಷ ಏಪ್ರಿಲ್‌ನಲ್ಲಿ ಫೋನಿನಲ್ಲಿ ಅವನು, "ಏಂ ತಮ್ಮುಡೂ, ಇಡ್ಲಿಪಾತ್ರೆ ಹೇಗಿದೆ?" ಎಂದು ಕೇಳಿದಾಗ ನರಸಿಂಹಮೂರ್ತಿಗೆ ತಡೆಯಲಾಗಲಿಲ್ಲ.

"ಆಯಿಲ್ ಕೂಲರ್ ಹಾಕಿದ್ದೀನಿ ಅನ್ನಯ್ಯಗಾರೂ. ನಾನೇ. ನನ್ನ ಕೈಯಾರೆ."

ಈ ಹೇಳಿಕೆಯಲ್ಲಿ ಒಂದೇ ಒಂದು ಕೊರತೆಯಿತ್ತು. ಕೂಲರನ್ನು ಅವನಿನ್ನೂ ಕೊಂಡಿರಲಿಲ್ಲ. ಹಿಂದಿನ ದಿನ ಯೂಟ್ಯೂಬಿನಲ್ಲಿ ನೋಡಿದ್ದ, ಅಷ್ಟೆ.

ಆ ಕಡೆ ಸೂರ್ಯಪ್ರಕಾಶನೊಳಗಿನ ಎಂಜಿನಿಯರ್ ಎಚ್ಚೆತ್ತ. "ಒಳ್ಳೇದು. ಆದರೆ ಕೆಲಸ ಮಾಡ್ತಿದೆಯಾ ಅಂತ ನೋಡೋದು ಹೇಗೆ ಗೊತ್ತಾ? ಮುಟ್ಟಿ ನೋಡಬೇಕು. ಎಣ್ಣೆಯ ಬಿಸಿಯೆಲ್ಲ ಅದಕ್ಕೇ ಬರೋದಲ್ವಾ? ಕೈ ಸುಟ್ಟರೆ ಕೂಲರ್ ಬದುಕಿದೆ. ತಣ್ಣಗಿದ್ದರೆ ಸತ್ತಿದೆ. ನಮ್ಮ ಸ್ಟೇಷನ್ನಿನಲ್ಲಿ ಹೊಸಬರಿಗೆ ಮೊದಲ ದಿನ ಹೇಳಿಕೊಡೋದೇ ಇದನ್ನ."

"ಸುಡುತ್ತೆ, ಸುಡುತ್ತೆ," ಎಂದ ನರಸಿಂಹಮೂರ್ತಿ ಭರವಸೆಯಿಂದ.

ಹಿಂದಿನಿಂದ ಅತ್ತೆಯ ಧ್ವನಿ ಕೇಳಿಸಿತು. "ಪ್ರಕಾಶಂ, ಅಲ್ಲುಡುಗಾರಿಗೆ ಹೇಳು. ಅಷ್ಟು ಕಷ್ಟಪಟ್ಟು ಕಾರು ಸರಿಮಾಡಿದ್ದಾರೆ ಅಂದರೆ ಮೇ ಕೊನೇ ವಾರ ಆ ಕಾರಲ್ಲೇ ಬರ್ತೀನಿ."

ಕೂಲರ್ ಕೊರಿಯರಿನಲ್ಲಿ ಬಂತು. ನೋಡಲು ಪುಟ್ಟ ಅಲ್ಯೂಮಿನಿಯಂ ಕಿಟಕಿಯಂತಿತ್ತು. ಎಂಜಿನ್ನಿನಲ್ಲಿ ಕಾದ ಎಣ್ಣೆಯನ್ನು ಎರಡು ಪೈಪುಗಳ ಮೂಲಕ ಹೊರಗೆ ಕರೆತಂದು, ಗಾಳಿ ಕುಡಿಸಿ, ಸಮಾಧಾನಪಡಿಸಿ ಒಳಗೆ ಕಳಿಸುವುದು ಅದರ ಕರ್ತವ್ಯ. ಪೈಪು ಕೂರುವ ಅದರ ಎರಡು ಬಾಯಿಗಳಿಗೆ ಧೂಳು ಹೋಗದಂತೆ ನೀಲಿ ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದರು.

ನರಸಿಂಹಮೂರ್ತಿ ಸ್ಪ್ಯಾನರಿಗಿಂತ ಮೊದಲು ಪೆನ್ನು ಹಿಡಿದ. ಕಂಪೆನಿಯಲ್ಲಿ ಅವನ ಕೆಲಸವೇ ವಿಧಾನಗಳನ್ನು ಬರೆಯುವುದು. ಮಾತ್ರೆ ಮಾಡುವವರು ಮೊದಲು ಕೈ ತೊಳೆಯಬೇಕು ಎಂಬುದನ್ನು ಅವನು ಹದಿನಾಲ್ಕು ಪುಟಗಳಲ್ಲಿ ಬರೆದಿದ್ದ. ಕೂಲರಿಗೆ ಹನ್ನೊಂದು ಪುಟ ಸಾಕಾಯಿತು.

"ರೀ, ಸತ್ಯಮೂರ್ತಿನ ಕರೆಸಿಬಿಡಿ ಅಂದರೆ ಕೇಳಲ್ವಲ್ಲ," ಎಂದಳು ಮಾಧವೀಲತಾ. ಸತ್ಯಮೂರ್ತಿ ಪಕ್ಕದ ಬೀದಿಯ ಮೆಕ್ಯಾನಿಕ್. "ಕಾರು ಕುದಿಯೋದಕ್ಕೆ ಬೇರೇನೋ ಕಾರಣ ಇದೆ ಅಂತಿದ್ದ. ಚಿಕ್ಕದು ಯಾವುದೋ ಬದಲಾಯಿಸಿದರೆ ಸಾಕಂತೆ."

"ಅವನಿಗೇನು ಗೊತ್ತು? ಅವನು ಒಂದು ಪುಟಾನಾದ್ರೂ ಬರೆದಿದ್ದಾನಾ?"

ಮಾಧವೀಲತಾ ಹನ್ನೊಂದೂ ಪುಟಗಳನ್ನು ಜೋಡಿಸಿ ಅವನ ಕೈಗೆ ಕೊಟ್ಟಳು. ಹತ್ತೊಂಬತ್ತು ವರ್ಷದಲ್ಲಿ ಅವಳೂ ಕೆಲವು ವಿಧಾನಗಳನ್ನು ಕಲಿತಿದ್ದಳು.

ಮೇ ಎರಡನೇ ಭಾನುವಾರ ಬೆಳಿಗ್ಗೆ ಅವಳು ರೈತು ಬಜಾರಿಗೆ ಹೋದೊಡನೆ ಅವನು ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿದ. ಹಂತ ಒಂದು, ಮುಂದಿನ ಬಂಪರ್ ಬಿಚ್ಚುವುದು. ಬಿಚ್ಚಿತು, ಎರಡು ಕಡೆ ಸೀಳಿ ಬಿಚ್ಚಿತು. ಹಂತ ಎರಡು, ಕೂಲರನ್ನು ರೇಡಿಯೇಟರಿನ ಮುಂದೆ ಕೂರಿಸಿ ಬೋಲ್ಟ್ ಬಿಗಿಯುವುದು. ಕೂತಿತು. ನರಸಿಂಹಮೂರ್ತಿ ಹಿಂದೆ ಸರಿದು ನೋಡಿದ. ಮೂಗುತಿ ಹಾಕಿದಂತಿತ್ತು. ಹಂತ ಮೂರು, ಹಳೆಯ ಎಣ್ಣೆಯನ್ನು ಟಬ್ಬಿಗೆ ಇಳಿಸುವುದು. ಇಳಿಯಿತು. ಹಂತ ನಾಲ್ಕು, ಕಾರಿನ ಕೆಳಗೆ ಮಲಗಿ ಆಯಿಲ್ ಫಿಲ್ಟರ್ ತಿರುಗಿಸಿ ತೆಗೆಯುವುದು. ಪೈಪುಗಳ ಜೋಡಣೆ ಅಲ್ಲಿಂದಲೇ ಶುರು.

ಫಿಲ್ಟರ್ ತಿರುಗಲಿಲ್ಲ. ಆ ಹೊತ್ತಿಗೇ ಕರೆಂಟು ಹೋಯಿತು. ಅವನು ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈಗಳಿಂದ ಫಿಲ್ಟರನ್ನು ಹಿಡಿದು, ಕಾಲು ಒದ್ದ. ಕಾಲು ತಾಗಿದ್ದು ಟಬ್ಬಿಗೆ. ನಾಲ್ಕು ಲೀಟರ್ ಕಪ್ಪು ಎಣ್ಣೆ ಸಾವಕಾಶವಾಗಿ ನೆಲದ ಮೇಲೆ ಹರಡಿತು.

ಎದುರುಮನೆಯ ಗಿರಿಜಮ್ಮ ಸ್ಕೂಟಿ ತೆಗೆಯಲು ಇಳಿದು ಬಂದದ್ದು ಆಗಲೇ. ಮಬ್ಬುಗತ್ತಲು. ಕಿತ್ತುಬಿದ್ದ ಬಂಪರು. ಕಾರಿನ ಕೆಳಗಿಂದ ಚಾಚಿದ ಎರಡು ಕಾಲು. ಕಾಲಿನ ಸುತ್ತ ಕಪ್ಪಗೆ ಮಡುಗಟ್ಟಿದ ಏನೋ.

"ಮೂರ್ತಿಗಾರೂ!" ಎಂದು ಕೂಗಿದರು.

ಬಾಯಿ ತೆರೆದರೆ ಟಾರ್ಚು ಮುಖದ ಮೇಲೆ ಬೀಳುತ್ತದೆ. ನರಸಿಂಹಮೂರ್ತಿ ಮೂಗಿನಲ್ಲೇ, "ಊಂ..." ಎಂದ.

ಗಿರಿಜಮ್ಮ ತಮ್ಮ ಜನ್ಮದಲ್ಲಿ ಅಂಥ ನರಳಾಟ ಕೇಳಿರಲಿಲ್ಲವಂತೆ. ಮೆಟ್ಟಿಲು ಹತ್ತಿ ಓಡಿದರು. ಮಾಧವೀಲತಾಳಿಗೆ ಫೋನ್ ಮಾಡಿದರೆ ಅದು ಬೀಗ ಹಾಕಿದ ಮನೆಯೊಳಗೇ ಬಡಿದುಕೊಂಡಿತು. ಇನ್ನು ಉಳಿದದ್ದು ವಿಜಯವಾಡದ ನಂಬರು. ಆವಕಾಯಿ ಉಪ್ಪಿನಕಾಯಿಗೆ ಸಾಸಿವೆ ಎಷ್ಟು ಹಾಕಬೇಕೆಂದು ಸೂರ್ಯಕಾಂತಮ್ಮನವರನ್ನು ಕೇಳಲು ಹಿಂದೊಮ್ಮೆ ಬರೆದಿಟ್ಟುಕೊಂಡಿದ್ದು. ಹತ್ತು ನಿಮಿಷದಲ್ಲಿ ಸುದ್ದಿ ಕೃಷ್ಣಾ ನದಿ ಮುಟ್ಟಿತು.

ಇತ್ತ ನರಸಿಂಹಮೂರ್ತಿ ಫಿಲ್ಟರಿಗೆ ಸೋತು, ಹೆಬ್ಬೆರಳು ಜಜ್ಜಿಕೊಂಡು, ತಲೆಯಿಂದ ಪಾದದವರೆಗೆ ಎಣ್ಣೆಯಾಗಿ ಎದ್ದ. ಈ ವೇಷದಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಹಿಂದಿನ ಮೆಟ್ಟಿಲಿನಿಂದ ಮನೆ ಸೇರಿ ಬಚ್ಚಲಿನ ಬಾಗಿಲು ಹಾಕಿಕೊಂಡ. ಹೀಗಾಗಿ ಅಸೋಸಿಯೇಷನ್ ಕಾರ್ಯದರ್ಶಿ ಜಗನ್ಮೋಹನ್ ಆರು ಜನರೊಡನೆ ಸ್ಟ್ರೆಚರಿನಂತೆ ಒಂದು ಮಡಚುಮಂಚ ಹೊತ್ತು ಕೆಳಗಿಳಿದಾಗ, ಅಲ್ಲಿ ಬಂಪರಿತ್ತು, ಮಡುವಿತ್ತು, ಮೂರ್ತಿಗಾರು ಇರಲಿಲ್ಲ.

"ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಸಾಗಿಸಿದ್ದಾರೆ," ಎಂದು ಜಗನ್ಮೋಹನ್ ತೀರ್ಮಾನಿಸಿದರು. ನಿವೃತ್ತ ರೈಲ್ವೆ ಅಧಿಕಾರಿ. ತೀರ್ಮಾನವಿಲ್ಲದೆ ಅವರು ಯಾವ ಜಾಗದಲ್ಲೂ ಎರಡು ನಿಮಿಷ ನಿಂತವರಲ್ಲ. "ಯಾವ ಆಸ್ಪತ್ರೆ ಅನ್ನೋದಷ್ಟೇ ಈಗ ಪ್ರಶ್ನೆ." ಆರು ಜನರೂ ಒಬ್ಬೊಬ್ಬರು ಒಂದೊಂದು ಆಸ್ಪತ್ರೆಗೆ ಫೋನ್ ಹಚ್ಚಿದರು.

ಬದನೆಕಾಯಿ ಚೀಲ ಹಿಡಿದು ಬಂದ ಮಾಧವೀಲತಾಳ ಸುತ್ತ ಹೆಂಗಸರು ನೆರೆದರು. ಒಬ್ಬರು ಚೀಲ ಇಸಕೊಂಡರು. ಇನ್ನೊಬ್ಬರು ನೀರು ಕೊಟ್ಟರು. "ಅಮ್ಮಾ, ಧೈರ್ಯ ತಂದ್ಕೋಬೇಕು," ಎಂದರು ಗಿರಿಜಮ್ಮ ಕಣ್ಣೊರೆಸುತ್ತ.

ಅವಳು ನೀರೂ ಕುಡಿಯದೆ ಮೇಲಕ್ಕೆ ಓಡಿದಳು. ಬಚ್ಚಲಿನಿಂದ ಧ್ವನಿ ಬಂತು. "ಮಾಧವೀ, ಬಂದ್ಯಾ? ಇನ್ನೊಂದಿಷ್ಟು ಕಡಲೆಹಿಟ್ಟು ಕೊಡು ಮಾರಾಯ್ತಿ. ಈ ಎಣ್ಣೆ ಜನ್ಮ ಬಿಟ್ಟರೂ ಬಿಡೋ ಹಾಗಿಲ್ಲ."

ಅವಳು ಬಾಗಿಲಿಗೊರಗಿ ನಿಂತು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಬೈದಳು, ಪೂರ್ತಿ ತೆಲುಗಿನಲ್ಲಿ. ಆಮೇಲೆ ಕಡಲೆಹಿಟ್ಟು ಕೊಟ್ಟಳು.

ಅಷ್ಟರಲ್ಲಿ ವಿಜಯವಾಡದಿಂದ ಸೂರ್ಯಪ್ರಕಾಶನ ಕಾರು ಅತ್ತೆಯನ್ನೂ ಹಿರಿಯ ಮಗಳನ್ನೂ ಕೂರಿಸಿಕೊಂಡು ಹೊರಟಾಗಿತ್ತು. ಮಾಧವೀಲತಾ ಫೋನ್ ಮಾಡಿ, "ಅಮ್ಮಾ, ಏನೂ ಆಗಿಲ್ಲ. ಚೆನ್ನಾಗಿದ್ದಾರೆ," ಎಂದಳು.

ಸೂರ್ಯಕಾಂತಮ್ಮ ಗೊಳೋ ಎಂದರು. ಆ ವಂಶದಲ್ಲಿ ದೊಡ್ಡವರಿಗೆ ಕೆಟ್ಟ ಸುದ್ದಿಯನ್ನು ಇದುವರೆಗೆ ತಿಳಿಸಿದ್ದೆಲ್ಲ ಇದೇ ಮೂರು ಮಾತಿನಲ್ಲಿ. ಅವರ ಚಿಕ್ಕಪ್ಪ ಹೋದಾಗಲೂ 'ಏನೂ ಆಗಿಲ್ಲ, ಚೆನ್ನಾಗಿದ್ದಾರೆ' ಎಂದೇ ಹೇಳಿ ಕರೆಸಿದ್ದರು. ಮಾಧವೀಲತಾ ಆಣೆ ಇಟ್ಟಷ್ಟೂ ಅಳು ಹೆಚ್ಚಾಯಿತು.

ನರಸಿಂಹಮೂರ್ತಿ ಫೋನ್ ಕಿತ್ತುಕೊಂಡ. "ಅತ್ತಯ್ಯಗಾರೂ, ನಾನೇ ಮಾತಾಡ್ತಿರೋದು!"

ಅಳಿಯನ ಧ್ವನಿ ಕೇಳಿದ ಕೂಡಲೇ ಅತ್ತೆ ಸೆರಗು ಸರಿಮಾಡಿಕೊಂಡು, ಮರ್ಯಾದೆಯಿಂದ, ಫೋನನ್ನು ಹಿರಿಯ ಅಳಿಯನ ಕಿವಿಗೆ ಹಿಡಿದುಬಿಟ್ಟರು. ಬದುಕಿರುವುದಕ್ಕೆ ಅವನು ಒದಗಿಸಬಹುದಾಗಿದ್ದ ಒಂದೇ ಸಾಕ್ಷ್ಯ ಹೀಗೆ ಕೈತಪ್ಪಿತು.

"ತಮ್ಮುಡೂ," ಎಂದ ಸೂರ್ಯಪ್ರಕಾಶ, ಎಂದೂ ಇಲ್ಲದ ಮೃದುವಾದ ದನಿಯಲ್ಲಿ. "ಮಾತಾಡಿ ಆಯಾಸ ಮಾಡ್ಕೋಬೇಡ. ಬರ್ತಿದ್ದೀವಿ. ಡಾಕ್ಟರ್ ಹೇಳಿದ ಹಾಗೆ ಕೇಳು." ಲೈನು ಕಟ್ಟಾಯಿತು.

ಸಂಜೆಯ ಹೊತ್ತಿಗೆ ಮನೆಯ ತುಂಬ ಯೋಗಕ್ಷೇಮ ವಿಚಾರಿಸಲು ಬಂದವರೇ. ಆಂಧ್ರದಲ್ಲಿ ಅಪಘಾತ ಆದವರನ್ನು ಬರಿಗೈಲಿ ನೋಡಲು ಹೋಗುವಂತಿಲ್ಲ. ನಾಲ್ಕು ಡಜನ್ ಮೂಸಂಬಿ, ಐದು ಹಾರ್ಲಿಕ್ಸ್ ಬಾಟಲಿ ಸೇರಿದವು. ಬಂದವರಿಗೆ ನರಸಿಂಹಮೂರ್ತಿ ಹೆಬ್ಬೆರಳಿನ ಪ್ಲಾಸ್ಟರ್ ತೋರಿಸಿದ. ಅವರು ಅದನ್ನು ನೋಡಿ, ಮೂಸಂಬಿಯನ್ನು ನೋಡಿ, "ಇಷ್ಟೇನಾ?" ಎಂದರು. ಅವನಿಗೆ ತಪ್ಪು ಮಾಡಿದಂತೆ ಅನ್ನಿಸಿತು.

ಎಂಟು ಗಂಟೆಗೆ ಸೂರ್ಯಕಾಂತಮ್ಮ ಒಳಗೆ ಕಾಲಿಟ್ಟರು. ಸೋಫಾದಿಂದ ಗಡಬಡಿಸಿ ಎದ್ದ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತುಟಿ ಅಲುಗಿತು. ಈಗ ಬೈಯುತ್ತಾರೆ ಎಂದು ನರಸಿಂಹಮೂರ್ತಿ ಉಸಿರು ಹಿಡಿದ. ಅವರು ಗೋಡೆಯ ಕಡೆ ತಿರುಗಿದರು.

"ಮಾಧವೀ, ಅಲ್ಲುಡುಗಾರಿಗೆ ಹೇಳು. ಬರುವ ದಾರಿಯಲ್ಲಿ ಅನ್ನವರಂ ಸತ್ಯನಾರಾಯಣಸ್ವಾಮಿಗೆ ಹರಕೆ ಕಟ್ಟಿಕೊಂಡಿದ್ದೇನೆ. ಇವರು ಕ್ಷೇಮವಾಗಿದ್ದರೆ, ಇವರದೇ ಕಾರಿನಲ್ಲಿ ಬೆಟ್ಟ ಹತ್ತಿ ವ್ರತ ಮಾಡಿಸ್ತೀನಿ ಅಂತ."

"ಅತ್ತಯ್ಯಾ!" ಎಂದ ಸೂರ್ಯಪ್ರಕಾಶ. ಏಳು ಗಂಟೆ ಕಾರು ಓಡಿಸಿದ್ದ, ಅವನಿಗೆ ಹಸಿವಾಗಿತ್ತು. "ಆಕ್ಸಿಡೆಂಟೇ ಆಗಿಲ್ಲ. ಇನ್ನೆಲ್ಲಿ ಹರಕೆ? ಅದೂ ಇಡ್ಲಿಪಾತ್ರೇಲಿ, ಬೆಟ್ಟ!"

"ನೋರು ಮುಯ್ಯರಾ! ನಾನು ಕ್ಷೇಮ ಬೇಡಿದೆ. ಕ್ಷೇಮವಾಗಿದ್ದಾರೆ. ಸ್ವಾಮಿ ತನ್ನ ಕೆಲಸ ಮಾಡಿದ್ದಾನೆ. ಆಗದೇ ಇರೋ ಆಕ್ಸಿಡೆಂಟಿನಿಂದ ಕಾಪಾಡೋದು ಸುಲಭ ಅಂದ್ಕೊಂಡ್ಯಾ?"

ಸೂರ್ಯಪ್ರಕಾಶ ಬಾಯಿ ಮುಚ್ಚಿದ. ಎಷ್ಟು ಸಲೀಸಾಗಿ ಬೈಸಿಕೊಂಡ! ನರಸಿಂಹಮೂರ್ತಿ ಅವನನ್ನು ಅಸೂಯೆಯಿಂದ ನೋಡಿದ.

ಮರುದಿನ ಅವನು ಆಫೀಸಿಗೆ ಹೋಗಲೇಬೇಕಿತ್ತು. ಹನ್ನೊಂದು ಪುಟಗಳನ್ನು ಹೆಂಡತಿಯ ಕೈಲಿಟ್ಟು, ಸತ್ಯಮೂರ್ತಿಗೆ ಕೊಟ್ಟು ನಾಲ್ಕನೇ ಹಂತದಿಂದ ಮುಂದುವರಿಸಲು ಹೇಳು ಎಂದ. ಸಂಜೆ ಬಂದಾಗ ಬಂಪರು ಸ್ವಸ್ಥಾನದಲ್ಲಿತ್ತು, ನೆಲ ತೊಳೆದಿತ್ತು, ಕಾರು ಸದ್ದಿಲ್ಲದೆ ಓಡುತ್ತಿತ್ತು.

"ಅಯಿಪೋಯಿಂದಿ ಸಾರ್, ಕೆಲಸ ಮುಗೀತು," ಎಂದ ಸತ್ಯಮೂರ್ತಿ. ತುಕ್ಕು ಹಿಡಿದ, ನಿಂಬೆಹಣ್ಣಿನ ಗಾತ್ರದ ಏನನ್ನೋ ತೋರಿಸಿದ. "ಥರ್ಮೋಸ್ಟಾಟ್. ಅಂಟಿಕೊಂಡು ಕೂತಿತ್ತು, ನೀರು ಓಡಾಡೋಕೇ ಬಿಡ್ತಿರಲಿಲ್ಲ. ಹೊಸದು ಹಾಕಿದ್ದೀನಿ."

"ಅದಿರಲಿ. ಕೂಲರ್?"

ಸತ್ಯಮೂರ್ತಿ ಮಾಧವೀಲತಾಳ ಮುಖ ನೋಡಿದ. ಮಾಧವೀಲತಾ ತೊಳೆದ ನೆಲವನ್ನು ನೋಡಿದಳು. "ಅಲ್ಲೇ ಇದೆ ಸಾರ್. ಗಟ್ಟಿಯಾಗಿ ಕೂತಿದೆ," ಎಂದ ಅವನು.

ಮಂಗಳವಾರ ನಸುಕಿಗೇ ಹೊರಟರು. ಹಿಂದಿನ ಸೀಟಿನಲ್ಲಿ ಅತ್ತೆ, ಮಡಿಲಲ್ಲಿ ಹಿತ್ತಾಳೆ ಬಿಂದಿಗೆ ತುಂಬ ನೀರು. ಕಾರಿಗೆ ಬಾಯಾರಿದರೆ ಎಂದು. ಹಿಂದೆ ಸೂರ್ಯಪ್ರಕಾಶನ ಕಾರು, ಅದರಲ್ಲಿ ಇಪ್ಪತ್ತು ಲೀಟರ್ ನೀರು ಮತ್ತು ಎಳೆಯುವ ಹಗ್ಗ. ಅನಕಾಪಲ್ಲಿ ದಾಟಿತು. ತುನಿ ಬಂತು. ಅದೇ ಬೇವಿನ ಮರ ಕಂಡಿತು. ನರಸಿಂಹಮೂರ್ತಿ ರಸ್ತೆ ನೋಡುವುದನ್ನು ಬಿಟ್ಟು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನೇ ನೋಡಿದ. ಮುಳ್ಳು ಅರ್ಧದಲ್ಲಿ ನಿಂತಿತ್ತು. ಮರ ಹಿಂದಕ್ಕೆ ಹೋಯಿತು.

ಅನ್ನವರಂನಲ್ಲಿ ಬೆಟ್ಟದ ದಾರಿ ಶುರುವಾಯಿತು. ಎರಡನೇ ಗೇರು. ಮೊದಲನೇ ಗೇರು. ಒಂದು ತಿರುವಿನಲ್ಲಿ ಮುಂದಿನ ಬಸ್ಸು ನಿಂತು, ಕಾರೂ ನಿಲ್ಲಬೇಕಾಯಿತು. ಹಿಂದಿನ ಸೀಟಿನಲ್ಲಿ ಗೋವಿಂದನಾಮ ಜೋರಾಯಿತು. ಮುಳ್ಳು ಮಾತ್ರ ಅರ್ಧ ಬಿಟ್ಟು ಕದಲಲಿಲ್ಲ. ಬಿಳಿ ಕಾರು ಬೆಟ್ಟದ ತುದಿಯಲ್ಲಿ ನಿಂತಾಗ ನರಸಿಂಹಮೂರ್ತಿಯ ಅಂಗಿ ಒದ್ದೆಯಾಗಿತ್ತು. ಬಿಂದಿಗೆಯ ನೀರು ಹಾಗೇ ಇತ್ತು.

ಮೊದಲು ವಾಹನಪೂಜೆ, ಆಮೇಲೆ ವ್ರತ. ಪುರೋಹಿತರು ಬಾನೆಟ್ ತೆರೆಯಲು ಹೇಳಿದರು. ನರಸಿಂಹಮೂರ್ತಿ ಹೆಮ್ಮೆಯಿಂದ ತೆರೆದ. "ಅದೇ ಆಯಿಲ್ ಕೂಲರ್," ಎಂದು ಮಾಧವೀಲತಾಳ ಅಕ್ಕನಿಗೂ, ಪಕ್ಕದ ಕಾರಿನವರಿಗೂ ತೋರಿಸಿದ. ಪುರೋಹಿತರು ಅದರ ಹಣೆಗೆ ಅರಿಶಿನ ಹಚ್ಚಿ ಕುಂಕುಮ ಇಟ್ಟರು. ಕುಂಕುಮದ ಪಕ್ಕದಲ್ಲಿ ಏನೋ ನೀಲಿ ಕಂಡಿತು. ಅವನು ಬಗ್ಗಿ ನೋಡಿದ.

ಎರಡು ಬಾಯಿ. ಎರಡು ನೀಲಿ ಮುಚ್ಚಳ, ಕೊರಿಯರಿನಲ್ಲಿ ಬಂದಾಗ ಹೇಗಿದ್ದವೋ ಹಾಗೇ. ಪೈಪುಗಳು ಇರಲೇ ಇಲ್ಲ. ಅತ್ತೆಯನ್ನು ಬೆಟ್ಟ ಹತ್ತಿಸಿದ ಅವನ ಕೂಲರಿಗೆ ಒಂದು ಹನಿ ಎಣ್ಣೆಯ ಪರಿಚಯವೂ ಆಗಿರಲಿಲ್ಲ. ಬೆಟ್ಟ ಹತ್ತಿಸಿದ್ದು ನಿಂಬೆಹಣ್ಣಿನ ಗಾತ್ರದ ಹೊಸ ಥರ್ಮೋಸ್ಟಾಟ್.

ಅವನು ಮಾಧವೀಲತಾಳ ಕಡೆ ನೋಡಿದ. ಅವಳು ಗೋಪುರಕ್ಕೆ ಕೈಮುಗಿಯುತ್ತಿದ್ದಳು, ಅಗತ್ಯಕ್ಕಿಂತ ಹೆಚ್ಚು ಹೊತ್ತು.

"ಈಗ ಪರೀಕ್ಷೆ!" ಎಂದು ಸೂರ್ಯಪ್ರಕಾಶ ಅಂಗಿಯ ತೋಳು ಮಡಚುತ್ತ ಮುಂದೆ ಬಂದ. "ಮುಟ್ಟಿ ನೋಡಿದರೆ ಗೊತ್ತಾಗಿಬಿಡುತ್ತೆ."

ನರಸಿಂಹಮೂರ್ತಿ ಬಾನೆಟ್ ಮುಚ್ಚಲು ಹೋದ. ಆದರೆ ಇಬ್ಬರಿಗಿಂತ ಮೊದಲು ಬಳೆಗಳ ಕೈಯೊಂದು ಒಳಗೆ ಚಾಚಿತು. ಸೂರ್ಯಕಾಂತಮ್ಮ ಅಂಗೈಯನ್ನು ಕೂಲರಿನ ಮೇಲಿಟ್ಟು, ಜ್ವರ ನೋಡುವವರಂತೆ ಕಣ್ಣು ಮುಚ್ಚಿ ನಿಂತರು. ಅವರ ಮುಖ ಅರಳಿತು.

"ಚಲ್ಲಗಾ ಉಂದಿ!" ಎಂದರು ಸುತ್ತ ನಿಂತವರಿಗೆಲ್ಲ ಕೇಳುವಂತೆ. "ಇಷ್ಟು ಬಿಸಿಲು, ಇಷ್ಟು ಬೆಟ್ಟ, ಆದರೂ ತಣ್ಣಗೆ ಮಡಕೆ ಇದ್ದ ಹಾಗಿದೆ. ನೋಡ್ರೋ, ನಮ್ಮ ಅಲ್ಲುಡು ಕೈಯಾರೆ ಮಾಡಿದ್ದು!"

ಸೂರ್ಯಪ್ರಕಾಶನೂ ಮುಟ್ಟಿದ. ತಣ್ಣಗಿತ್ತು. ಅವನ ಹುಬ್ಬು ಮೇಲೇರಿತು, ಬಾಯಿ ತೆರೆಯಿತು. ಇಪ್ಪತ್ತಾರು ವರ್ಷ ಹೊಸಬರಿಗೆ ಮೊದಲ ದಿನ ಕಲಿಸಿದ ಪಾಠ ನಾಲಗೆಯ ತುದಿಗೆ ಬಂದದ್ದನ್ನು ನರಸಿಂಹಮೂರ್ತಿ ಕಣ್ಣಾರೆ ಕಂಡ. ಸೂರ್ಯಪ್ರಕಾಶ ನೀಲಿ ಮುಚ್ಚಳಗಳನ್ನು ನೋಡಿದ. ಷಡ್ಡಕನ ಒದ್ದೆ ಅಂಗಿಯನ್ನು ನೋಡಿದ. ಅತ್ತೆಯ ಅರಳಿದ ಮುಖ ನೋಡಿದ.

"ಅವುನು ಅತ್ತಯ್ಯಾ," ಎಂದ. "ಬಹಳ ತಣ್ಣಗಿದೆ. ಇಷ್ಟು ತಣ್ಣಗಿರೋ ಕೂಲರು ನಮ್ಮ ಸ್ಟೇಷನ್ನಿನಲ್ಲೂ ಇಲ್ಲ."

ತೆಂಗಿನಕಾಯಿ ಒಡೆಯಿತು. ಎಲ್ಲರೂ ವ್ರತದ ಮಂಟಪದ ಕಡೆ ಹೊರಟರು. ಸೂರ್ಯಕಾಂತಮ್ಮ ನಾಲ್ಕು ಹೆಜ್ಜೆ ಹೋದವರು ನಿಂತರು. ತಿರುಗಿ ಬಂದರು. ಅಳಿಯನ ಹೆಬ್ಬೆರಳಿನ ಪ್ಲಾಸ್ಟರ್ ನೋಡಿದರು. ಭಾನುವಾರದಿಂದ ತಡೆದಿಟ್ಟುಕೊಂಡಿದ್ದು ಒಮ್ಮೆಲೇ ಕಟ್ಟೆಯೊಡೆಯಿತು.

"ಬುದ್ಧಿ ಇದೆಯಾ ನಿಂಗೆ? ಮೆಕ್ಯಾನಿಕ್ಕುಗಳೆಲ್ಲ ಸತ್ತುಹೋಗಿದ್ದರಾ? ಇನ್ನೊಂದು ಸಲ ಕಾರಿನ ಕೆಳಗೆ ಮಲಗಿದ್ದು ಗೊತ್ತಾದರೆ ಕಾಲು ಮುರಿದು ಕೈಗೆ ಕೊಡ್ತೀನಿ, ವೆಧವಾ! ನನ್ನ ಪ್ರಾಣ ಹೋಗಿತ್ತು!"

ನರಸಿಂಹಮೂರ್ತಿ ಹತ್ತೊಂಬತ್ತು ವರ್ಷದ ಅಭ್ಯಾಸದಂತೆ ಹೆಂಡತಿಯ ಕಡೆ ತಿರುಗಿ, ಅವಳು ತಿಳಿಸಲಿ ಎಂದು ಕಾದು ನಿಂತ.

"ನನ್ನನ್ನ ಯಾಕೆ ನೋಡ್ತೀರಿ?" ಎಂದಳು ಮಾಧವೀಲತಾ. "ನಿಮಗೇ ಹೇಳಿದ್ದು."